ಮೂರನೇ ಡಬ್ಬಿಯ ಜೀರುಂಡೆಗಳು

ಎಲೆ ತಿನ್ನುವ ಜೀರುಂಡೆಗಳ ಉದ್ದಗಲ ಅಳೆಯುವುದೂ ಒಂದು ಉದ್ಯೋಗ ಎಂದರೆ ನನ್ನ ಅತ್ತೆ ಈಗಲೂ ನಂಬುವುದಿಲ್ಲ. ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಆ ಕೆಲಸ ಕೊಡಿಸಿದವಳು ನನ್ನ ಅಕ್ಕ, ಅಲ್ಲಿನ ವಿಜ್ಞಾನಿ. ತಂಗಿಯನ್ನು ತಂದು ತುರುಕಿದ್ದಾಳೆ ಎಂದು ಆಡಿಕೊಂಡವರ ಬಾಯಿ ಮುಚ್ಚಿಸಲು ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳೆದಿದ್ದೆ.

ಅಕ್ಕನ ಬಳಿ ಮೂರು ಡಬ್ಬಿಗಳಿದ್ದವು. ಮೂರು ಬೇರೆ ಬೇರೆ ಗಿಡಗಳಿಂದ ತಂದ ಹುಳುಗಳು, ನೋಡಲು ಒಂದೇ ಮನೆಯವು. ಮೂರನೆಯವು ಬೇರೆ ಜಾತಿಯೇ ಇರಬೇಕೆಂದು ಅವಳಿಗೆ ಮೊದಲಿನಿಂದಲೂ ಅನುಮಾನ. ನನ್ನ ಅಳತೆ ಅವಳ ಆಸೆಗೆ ತಣ್ಣೀರೆರಚಿತು. ಅವು ಉದ್ದದಲ್ಲೂ ಜಾಸ್ತಿ, ಅಗಲದಲ್ಲೂ ಜಾಸ್ತಿ. ಅಂದರೆ ಅದೇ ಆಕಾರ, ಸ್ವಲ್ಪ ದೊಡ್ಡದು, ಅಷ್ಟೆ.

“ಚೆನ್ನಾಗಿ ತಿಂದು ಬೆಳೆದಿವೆ, ನಿನ್ನ ಹಾಗೆ,” ಎಂದು ನಕ್ಕು ಅಕ್ಕ ಲೇಖನದಲ್ಲಿ ಹಾಗೇ ಬರೆದಳು. ಆದರೆ ಮುಖ ಸಪ್ಪೆಯಾಗಿತ್ತು.

ಲೇಖನ ಕಳಿಸಬೇಕಾದ ದಿನ ಬೆಳಿಗ್ಗೆ ಡಬ್ಬಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಒಣಗಿದ ಹುಳು ತಲೆ ಒಳಗೆಳೆದುಕೊಂಡಿರುತ್ತದೆ. ಅದಕ್ಕೇ ನಾವು ತಲೆ ಬಿಟ್ಟು ಕತ್ತಿನಿಂದ ಅಳೆಯುವುದು. ಮೂರನೇ ಡಬ್ಬಿಯವು ಒಣಗುವ ಮೊದಲೇ ಬಂದಿದ್ದವು, ತಲೆ ಮುಂದೆ ಚಾಚಿಕೊಂಡು. ಮುಂತುದಿಯಿಂದ ಅಳೆಯುವ ಅಭ್ಯಾಸದಲ್ಲಿ ಆ ಇನ್ನೂರು ಹುಳುಗಳನ್ನೂ ನಾನು ತಲೆ ಸೇರಿಸಿಯೇ ಅಳೆದುಬಿಟ್ಟಿದ್ದೆ.

ಹೇಳಿದರೆ ಎರಡು ವರ್ಷದ ಮರ್ಯಾದೆ ಮಣ್ಣುಪಾಲು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಮಧ್ಯಾಹ್ನದವರೆಗೂ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

“ಅಕ್ಕಾ, ಮೂರನೇ ಡಬ್ಬಿ ಪೂರ್ತಿ ತಪ್ಪಾಗಿ ಅಳೆದಿದೀನಿ. ತಲೆ ಸೇರಿಸಿಬಿಟ್ಟಿದೀನಿ.”

ಅವಳು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಕೂತ್ಕೋ. ಮತ್ತೆ ಅಳತೆ ತಗೋ,” ಎಂದಳು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಐವತ್ತು ದಾಟುವಷ್ಟರಲ್ಲಿ ಪೆನ್ನು ನಿಂತಿತು. ಉದ್ದ ಈಗ ಉಳಿದ ಡಬ್ಬಿಗಳಷ್ಟೇ ಇತ್ತು, ಅಗಲ ಮಾತ್ರ ಮೊದಲಿನ ಹಾಗೇ ಜಾಸ್ತಿ.

“ಇವು ದುಂಡಗಿವೆ ಕಣೇ,” ಎಂದಳು ಅಕ್ಕ. ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. “ಆಕಾರವೇ ಬೇರೆ, ಅಂದ್ರೆ ಜಾತಿಯೂ ಬೇರೆ. ನೀನು ಬಾಯಿ ಬಿಡದೆ ಇದ್ದಿದ್ರೆ ನನ್ನ ಕೈಯಾರೆ ನಾನೇ ಇವನ್ನ ಮಣ್ಣು ಮಾಡ್ತಿದ್ದೆ.”

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಲೇಖನ ಆ ದಿನ ಹೋಗಲಿಲ್ಲ. ಇನ್ನೂರೂ ಮುಗಿದ ಮೇಲೆ ಅಕ್ಕ ಹೊಸ ಹಾಳೆ ತೆಗೆದು, ಅಳತೆ ತಪ್ಪಿದ್ದು ಹೇಗೆ ಎಂದು ಮೊದಲು ಬರೆದಳು.

“ಅದನ್ನೂ ಹಾಕ್ಬೇಕಾ?” ಎಂದೆ.

“ಹಾಕ್ದೆ ಇದ್ರೆ ಹೇಗೆ? ಕಂಡುಹಿಡಿದವಳು ನೀನು,” ಎಂದು ತನ್ನ ಹೆಸರಿನ ಪಕ್ಕ ನನ್ನ ಹೆಸರನ್ನೂ ಬರೆದಳು. “ಆದ್ರೆ ಮೊದಲು ನನ್ನದು. ಅಕ್ಕ ನಾನು.”