ಸೈಲೆನ್ಸರಿನ ಆರು ತಟ್ಟೆಗಳು

ಶಹಾಡ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಕಮಲಾಕ್ಷನ ಅಂಗಡಿ. ಬೈಕುಗಳ ಸೈಲೆನ್ಸರ್ ಬಿಚ್ಚಿ, ಮಸಿ ಕೆರೆದು, ಒಳಗಿನ ತೂತಿನ ತಟ್ಟೆಗಳನ್ನು ಸರಳಿಗೆ ಪೋಣಿಸಿ ಮತ್ತೆ ಕೂರಿಸುವುದು ಮೂವತ್ತು ವರ್ಷಗಳಿಂದ ಅವನ ಕೆಲಸ. ಯಾವ ತಟ್ಟೆಯ ಹಿಂದೆ ಯಾವುದು ಎಂಬುದರ ಮೇಲೆಯೇ ಗಾಡಿಯ ಸದ್ದು ನಿಂತಿರುತ್ತದೆ. ಉಡುಪಿಯಿಂದ ಹೋಟೆಲ್ ಕೆಲಸಕ್ಕೆಂದು ಬಂದವನು ಗ್ಯಾರೇಜಿಗೆ ಬಿದ್ದು, ಬುಲೆಟ್ಟುಗಳ ಪಕ್ಕ ಕಿವಿಯಿಟ್ಟೇ ಆಯುಷ್ಯ ಕಳೆದ. ಎರಡು ವರ್ಷದ ಹಿಂದೆ ಆ ಕಿವಿ ಪೂರ್ತಿ ಸೋತಿತು. ಕಿವಿಗೆ ಮಷೀನು ಹಾಕಿದರೆ ಬರೀ ಗರಗರ ಎಂದು ಅದನ್ನೂ ತೆಗೆದಿಟ್ಟ.

ಅಂದಿನಿಂದ ಹೆಂಡತಿ ಪ್ರಭಾ ಕಳ್ವಾ ಸ್ಟೇಷನ್ನಿನ ಹತ್ತಿರದ ಮನೆಯಲ್ಲಿ ಅಡಿಗೆ ಮುಗಿಸಿ, ಡಬ್ಬಿ ಹಿಡಿದು ಅಂಗಡಿಗೆ ಬರುತ್ತಾಳೆ. ಗಿರಾಕಿ ಹೇಳಿದ್ದನ್ನು ಕೈಸನ್ನೆಯಲ್ಲಿ ದಾಟಿಸುತ್ತಾಳೆ. ಗಾಡಿ ಚಾಲೂ ಮಾಡಿ ಅವನು ಹುಬ್ಬೇರಿಸುತ್ತಾನೆ. ಅವಳು ತಲೆಯಾಡಿಸಿದರೆ ಕೆಲಸ ಮುಗಿಯಿತು.

ಅವಳಿಗೆ ಸಹಿಸಲಾಗದ್ದು ಬೇರೆ. ಮೊದಲೆಲ್ಲ ಒಲೆಯ ಮುಂದಿನಿಂದ "ಓ ಇವ್ರೇ" ಎಂದರೆ ಹೊರಗಿನಿಂದ "ಓ" ಎಂದು ಬರುತ್ತಿತ್ತು. ಈಗಲೂ ಕರೆಯುತ್ತಾಳೆ. ಕರೆದು, ಆ "ಓ" ಬರುವಷ್ಟು ಹೊತ್ತು ಸೌಟು ಹಿಡಿದು ನಿಲ್ಲುತ್ತಾಳೆ.

ಆ ಬುಧವಾರ ಘೋಡಬಂದರ್ ರಸ್ತೆಯ ಹೋಟೆಲಿನ ಪುಂಡರೀಕಾಕ್ಷ ಹಳೆಯ ಬುಲೆಟ್ ತಂದು ನಿಲ್ಲಿಸಿದ.

"ತೀರಿಹೋದ ಅಪ್ಪನ ಗಾಡಿ, ಪ್ರಭಕ್ಕ. ಆವಾಜ್ ಬದಲಾದ್ರೆ ಅಮ್ಮ ನನ್ನನ್ನು ಮನೆಯೊಳಗೆ ಬಿಡ್ಲಿಕ್ಕಿಲ್ಲ." ಆಮೇಲೆ ದನಿ ತಗ್ಗಿಸಿದ. "ಅಣ್ಣನಿಗೆ ಕೇಳುದಿಲ್ಲ ಅಂತಾರಲ್ಲ. ಕೆಲಸ ಆಗ್ತದಾ?"

ಆ ಕೊನೆಯ ಮಾತನ್ನು ಪ್ರಭಾ ಗಂಡನಿಗೆ ದಾಟಿಸಲಿಲ್ಲ.

ಕಮಲಾಕ್ಷ ಆರು ತಟ್ಟೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಪೇಪರಿನ ಮೇಲೆ ಹರವಿಟ್ಟು ಮುಂದಿನ ಅಂಗಡಿಗೆ ಹೋದ. ಎಣ್ಣೆ ಜಿನುಗುತ್ತಿದ್ದ ತಟ್ಟೆಗಳನ್ನು ಪ್ರಭಾ ಬಟ್ಟೆಯಿಂದ ಒರೆಸಿದಳು. ಅಡಿಗೆಮನೆಯ ಕೈ, ತನ್ನಷ್ಟಕ್ಕೇ ದೊಡ್ಡ ತೂತಿನವು ಕೆಳಗೆ, ಸಣ್ಣ ತೂತಿನವು ಮೇಲೆ ಎಂದು ಒಪ್ಪವಾಗಿ ಪೇರಿಸಿಟ್ಟಿತು. ತಿರುಗಿ ಬಂದವನು, ಪೇರಿಸಿದ್ದರೂ ತಾನಿಟ್ಟ ಕ್ರಮವೇ ಇದ್ದೀತೆಂಬ ನಂಬಿಕೆಯಲ್ಲಿ ಹಾಗೆಯೇ ಪೋಣಿಸಿದ.

ಗಾಡಿ ಚಾಲೂ ಆಯಿತು. ತಗಡಿನ ಡಬ್ಬ ಎಳೆದುಕೊಂಡು ಹೋದಂಥ ಸದ್ದು. ಕಮಲಾಕ್ಷ ನಗುತ್ತಾ ಹುಬ್ಬೇರಿಸಿದ.

ಖಾಲಿ ಪೇಪರು ನೋಡಿದ ಕೂಡಲೇ, ತಾನು ತಟ್ಟೆ ಪೇರಿಸಿಟ್ಟದ್ದು ನೆನಪಾಗಿ, ಪ್ರಭಾಳಿಗೆ ತನ್ನ ತಪ್ಪು ತಿಳಿಯಿತು. ಸರಿಯಿಲ್ಲ ಎಂದರೆ ಕಿವಿಯ ಹಿಂದೆ ಕೈಯೂ ಹೋಯಿತೆಂದು ಕುಗ್ಗುತ್ತಾನೆ. ಆ ಕೈಯೊಂದರ ಧೈರ್ಯದಲ್ಲೇ ಅವನು ಇಷ್ಟು ದಿನ ತಲೆಯೆತ್ತಿ ನಡೆದದ್ದು. ತಪ್ಪು ತನ್ನದೆಂದು ಅವಳು ಹೇಳಿದರೆ, ಅವನ ಮರ್ಯಾದೆ ಉಳಿಸಲು ಹಾಗನ್ನುತ್ತಿದ್ದಾಳೆ ಎಂದುಕೊಂಡಾನು. ಸುಮ್ಮನೆ ತಲೆಯಾಡಿಸಿದರೆ ಇನ್ನು ಯಾರೂ ಇತ್ತ ಬರಲಿಕ್ಕಿಲ್ಲ.

ಅವಳು ತಲೆಯಾಡಿಸಲಿಲ್ಲ. ಅವನ ಅಂಗೈ ಹಿಡಿದು ಸೈಲೆನ್ಸರಿನ ಬಾಯಿಯೆದುರು ಹೊಗೆಗೆ ಒಡ್ಡಿದಳು. ಕಮಲಾಕ್ಷ ಕಣ್ಣು ಮುಚ್ಚಿದ. ನಗು ಮೆಲ್ಲನೆ ಇಳಿಯಿತು.

"ಗಾಳಿ ಬಿಟ್ಟುಬಿಟ್ಟು ಹೊಡೀತದೆ. ಎರಡನೇ ತಟ್ಟೆ ಹಿಂದೆ ಬಿದ್ದಿದೆ."

ಪೇಪರು ನೋಡಿದ, ಅವಳನ್ನು ನೋಡಿದ. ಪ್ರಭಾ ತನ್ನೆದೆ ಮುಟ್ಟಿಕೊಂಡು, ಕೈಯಲ್ಲೇ ಒಂದರ ಮೇಲೊಂದು ತಟ್ಟೆ ಪೇರಿಸಿ ತೋರಿಸಿದಳು.

"ಇಡ್ಲಿ ಬೇಯಿಸ್ಲಿಕ್ಕೆ ಇಟ್ಟದ್ದಾ ಮಾರಾಯ್ತಿ?" ಎಂದು ಅವನು ಜೋರಾಗಿ ನಕ್ಕ.

ಮತ್ತೆ ಬಿಚ್ಚಿ, ಜೋಡಿಸಿ, ಈ ಸಲ ಅಂಗೈ ಅಲ್ಲೇ ಇಟ್ಟುಕೊಂಡು ಚಾಲೂ ಮಾಡಿದ. ಹುಬ್ಬೇರಿಸಲಿಲ್ಲ; ಅವಳಿಗಿಂತ ಮೊದಲು ತಾನೇ ತಲೆಯಾಡಿಸಿದ. ಸಂಜೆ ಪುಂಡರೀಕಾಕ್ಷ ಬಂದು, ಗಾಡಿ ಚಾಲೂ ಮಾಡಿ, ಅದೇ ಹಳೆಯ ಸದ್ದು ಕೇಳಿ, ನೇರ ಅಮ್ಮನಿರುವ ಮನೆಯತ್ತ ಓಡಿಸಿದ.

ಮನೆಗೆ ಬಂದ ಮೇಲೆ ಕಮಲಾಕ್ಷ ಉದ್ದನೆಯ ಮೇಜಿನ ಆ ತುದಿಯಲ್ಲಿ, ಕೈ ಊರಿಕೊಂಡು, ಆಚೆ ಮುಖ ಮಾಡಿ ಚಾ ಕುಡಿಯುತ್ತಿದ್ದ. ಈ ತುದಿಯಲ್ಲಿ ಪ್ರಭಾ ತೊಂಡೆಕಾಯಿ ಹೆಚ್ಚುತ್ತಿದ್ದಳು. "ಓ ಇವ್ರೇ" ಎಂದಳು. ಎಂದಿನಂತೆ ಕಾದಳು. ಅವನ ಅಂಗೈ ಮೇಜಿನ ಹಲಗೆಯ ಮೇಲೆ ಅಗಲವಾಗಿ ಬಿದ್ದುಕೊಂಡಿತ್ತು. ಚಾಕುವಿನ ಹಿಡಿಯಿಂದ ಮೇಜಿಗೆ ಎರಡು ಸಲ ತಟ್ಟಿದಳು.

"ಓ" ಎಂದ ಕಮಲಾಕ್ಷ, ತಿರುಗದೆಯೇ.

ಅವಳಿಗೆ ಹೇಳುವುದೇನೂ ಇರಲಿಲ್ಲ. ಇನ್ನೊಮ್ಮೆ ತಟ್ಟಿದಳು.