ಹಿತ್ತಲ ಚಾಪೆ

ಶಿರಗುಪ್ಪಿಯ ರಾವಸಾಹೇಬನ ಮನೆಗೆ ತೊಂಬತ್ತೊಂದರ ಹೊತ್ತಿಗೆ ಟ್ರ್ಯಾಕ್ಟರೂ ಬಂದಿತ್ತು, ಬಣ್ಣದ ಟಿ.ವಿ.ಯೂ ಬಂದಿತ್ತು. ಆದರೂ ಮುಟ್ಟಾದ ಹೆಂಗಸು ಹಿತ್ತಲಲ್ಲಿ, ದನಗಳ ಪಕ್ಕ, ಮೂರು ದಿನ ಚಾಪೆ ಹಾಸಿಕೊಂಡು ಕೂಡಬೇಕು. ದ್ರಾಕ್ಷಿ ತೋಟಕ್ಕಂತೂ ಕಾಲಿಡಬಾರದು, ಗೊನೆ ಕೊಳೆಯುತ್ತದೆ. ಅಕಾಲದ ಮಳೆಗೆ ಕೊಳೆತರೂ ಮೊದಲು ವಿಚಾರಣೆ ಹೆಂಗಸರದೇ.

ರಾವಸಾಹೇಬನ ಹೆಂಡತಿ ತಾರವ್ವನ ವಿಷಯದಲ್ಲಿ ಈ ಲೆಕ್ಕ ಕೆಟ್ಟಿತು. ಅವಳಿಗೆ ತಿಂಗಳ ನಡುವೆಯೂ ಕಲೆ ಕಾಣುತ್ತಿತ್ತು. ಗಂಡನ ಮಗ್ಗುಲಿಂದ ಎದ್ದ ಬೆಳಿಗ್ಗೆ ತಪ್ಪದೆ. ಕಂಡಾಗಲೆಲ್ಲ ಅತ್ತೆ ಗೌರಾಬಾಯಿ ಮೂರು ದಿನವನ್ನು ಹೊಸದಾಗಿ ಎಣಿಸುವಳು. ದಸರೆಯಿಂದ ಯುಗಾದಿಯವರೆಗೆ ತಾರವ್ವ ಮನೆಯೊಳಗಿದ್ದದ್ದಕ್ಕಿಂತ ಹಿತ್ತಲಲ್ಲಿದ್ದದ್ದೇ ಹೆಚ್ಚು.

ಕೂತವಳಿಗೆ ನೋಡುವುದೇ ಕೆಲಸ. ಮೊಣಕಾಲು ನೋವೆಂದು ಅತ್ತೆ ದೇವರ ಕೋಣೆಗೆ ಹೋಗುವುದನ್ನು ಬಿಟ್ಟಿದ್ದಳು. ದೀಪ ಹಚ್ಚುವ ಕೆಲಸ ಮಗನಿಗೆ ಬಿದ್ದಿತ್ತು. ಅದೇ ಮೊಣಕಾಲಲ್ಲಿ ಅಟ್ಟ ಹತ್ತಿ ಜೋಳ ಇಳಿಸುವುದನ್ನೂ ತಾರವ್ವ ನೋಡಿದಳು. ವಿಚಿತ್ರ ಮೊಣಕಾಲು ಅಂದುಕೊಂಡಳು.

ಒಂದು ದಿನ ಗೌರಾಬಾಯಿ ಸೊಸೆಗೂ ಕೇಳಿಸಲಿ ಎಂಬ ದನಿಯಲ್ಲಿ ಮಗನಿಗೆ ಹೇಳಿದಳು: “ನಮ್ಮ ತಮ್ಮನ ಮಗಳು ಸಾವಿತ್ರಿ ಅದಾಳಲ್ಲ. ಅಡಗಿಮನಿಗೆ ಒಂದ ಕೈ ಬೇಕೋ ಬ್ಯಾಡೋ? ಮದವಿ ಮಾಡ್ಕೊ. ಇಕಿನ್ನ ಹೊರಗ ಹಾಕ ಅನ್ನಾಂಗಿಲ್ಲ ನಾ.”

“ಹೊರಗ ಹಾಕಾಕ ನಾ ಒಳಗರ ಯಾವಾಗ ಇದ್ನ್ರಿ ಅತ್ಯಾರ?” ಎಂದಳು ತಾರವ್ವ, ಚಾಪೆಯಿಂದಲೇ.

ಸಂಜೆ ರಾವಸಾಹೇಬ ಎಮ್ಮೆಗೆ ಮೇವು ಹಾಕಲು ಬಂದಾಗ ತಾರವ್ವ ಅಂದಳು:

“ಬಳ್ಳಿ ಎಲಿಮ್ಯಾಲ ಚುಕ್ಕಿ ಬಿದ್ರ ಎಲಿ ಹಿಡಕೊಂಡ ಅವತ್ತ ಸಾಂಗ್ಲಿ ಔಷಧದಂಗಡಿಗೆ ಓಡತೀರಿ. ನನ್ನ ಒಮ್ಮೆ ಮಿರಜಿ ದವಾಖಾನಿಗೆ ಕರಕೊಂಡ ಹೋಗ್ರಿ. ಆಮ್ಯಾಲ ಸಾವಿತ್ರೀನ ತರ್ರಿ.”

“ದೇವರ ಕಾಟ ಅಂತಾಳ ಅವ್ವ.”

“ಹಂಗಾರ ಎಲೀನೂ ದೇವರಿಗೇ ತೋರಸ್ರಿ.”

ರಾವಸಾಹೇಬ ವಾದ ಬೆಳೆಸುವುದಕ್ಕಿಂತ ತನ್ನ ಫಟಫಟಿ ಮೋಟಾರ್‌ಸೈಕಲ್ಲು ಚಾಲೂ ಮಾಡುವ ಮನುಷ್ಯ. ಮರುದಿನ ಇಬ್ಬರೂ ಮಿರಜದಲ್ಲಿದ್ದರು.

ಡಾಕ್ಟರಬಾಯಿ ದೀಪ ಹಿಡಿದು ನೋಡಿದಳು. “ಗರ್ಭಚೀಲದ ಬಾಯಾಗ ಸಣ್ಣ ಗಂಟ ಜೋತ ಬಿದ್ದೈತಿ. ಪಾಲಿಪ್ ಅಂತಾರ. ತಾಗಿದ್ರ ಸಾಕು, ರಕ್ತ ಬರತೈತಿ.”

“ಜೋತ ಬಿದ್ದೈತಿ ಅಂದ್ರ ತೊಟ್ಟ ಐತೇನ್ರಿ? ದ್ರಾಕ್ಷಿಗತೆ?”

“ಐತಿ. ಅದಕ್ಕ ಸರಳ ಆತು. ಚಿಮಟದಾಗ ಹಿಡದ ತಿರುವಿದ್ರ ಕಳಚತೈತಿ.”

ಚಿವುಟಿದಂತಾಯಿತು, ಅಷ್ಟೇ. ತೋರಿಸಿರೆಂದು ತಾರವ್ವ ಹಟ ಹಿಡಿದಳು. ಬಾಟಲಿಯ ನೀರಲ್ಲಿ ಒಣದ್ರಾಕ್ಷಿಯಷ್ಟು ಕೆಂಪು ಚೂರು.

“ಇಷ್ಟಕ್ಕ ನಾ ಹೊರಗ ಕುಂತ್ನೇನ್ರಿ?”

“ಇದೇನ ಚಾಪಿ ಹಾಸಿತ್ತೇನ ತಂಗಿ?” ಡಾಕ್ಟರಬಾಯಿ ಕೈ ತೊಳೆದಳು. “ಇದನ್ನ ತಪಾಸಕ್ಕ ಕಳಸತೀನಿ. ಹೆಚ್ಚಾಗಿ ಸಾದಾ ಗಂಟ ಇರತಾವ, ಆದ್ರ ನೋಡದ ಬಿಡಬಾರದು. ನಡುನಡುವೆ ಹೋಗೂದು ಮುಟ್ಟಲ್ಲ. ಮುಟ್ಟ ನಿಂತವರಿಗೆ ಹನಿ ಕಂಡ್ರಂತೂ ತಡಾ ಮಾಡಬಾರದು. ಮುಚ್ಚಿಟ್ಟ ಸತ್ತವರನ್ನ ನೋಡೀನಿ.”

ತಪಾಸಿನಲ್ಲಿ ಕೆಟ್ಟದ್ದೇನೂ ಬರಲಿಲ್ಲ. ನಡುವಿನ ಕಲೆ ನಿಂತಿತು. ಮುಂದಿನ ತಿಂಗಳು ಮುಟ್ಟು ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಗೌರಾಬಾಯಿ ಹಿತ್ತಲಲ್ಲಿ ಚಾಪೆ ಬಿಚ್ಚಿದಳು. ತಾರವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು.

“ತಾರಾ, ಚಾಪಿ ಹಾಸೀನಿ.”

“ನೋಡೀನ್ರಿ. ನಾ ಕೂಡಾಂಗಿಲ್ಲ.”

“ದೇವರಿದ್ದ ಮನಿ ಬೇ ಇದು. ತೋಟಾ ಉಳೀತೈತೇನ?”

“ಹೋದ ವರ್ಷದ ಕೊಯ್ಲಿನಾಗ ಆಳ ಸಿಗಲಿಲ್ಲಂತ ನಾ ಮುಟ್ಟಾದದ್ದ ಮುಚ್ಚಿಟ್ಟ ಗೊನಿ ಕೊಯ್ದೀನ್ರಿ. ಅದ ಹಣ್ಣ ನೀವ ನೈವೇದ್ಯಕ್ಕ ಇಟ್ರಿ. ದೇವರೂ ಏನ ಅನಲಿಲ್ಲ, ಹಣ್ಣೂ ಕೊಳೀಲಿಲ್ಲ.” ತಾರವ್ವ ರೊಟ್ಟಿ ಮಗುಚಿದಳು. “ನಮಗ ಮುಚ್ಚಿಡಾಕ ಕಲಸಿದ್ದ ಈ ಚಾಪೀನ ರೀ. ಮುಟ್ಟ ನಿಂತ ಮ್ಯಾಲೂ ಕೆಲವರಿಗೆ ಹೋಗತೈತಂತ. ಮುಚ್ಚಿಟ್ರ ಜೀವಕ್ಕ ಬರತೈತಿ ಅಂದ್ಲು ಆ ಬಾಯಿ.”

ಗೌರಾಬಾಯಿ ಬಂದು ಹೊಸ್ತಿಲ ಮೇಲೆ ಕೂತಳು. ರೊಟ್ಟಿ ಉಬ್ಬಿತು, ಇಳಿಯಿತು, ಅಂಚು ಕರಕಾಯಿತು.

“ಆ ಬಾಯಿ,” ಎಂದಳು ಕೊನೆಗೆ, ನೆಲ ನೋಡುತ್ತ, “ಮುದುಕೇರನ್ನೂ ನೋಡತಾಳೇನ?”

ತಾರವ್ವ ಅತ್ತೆಯ ಮೊಣಕಾಲು ನೋಡಿದಳು, ಅಟ್ಟ ಹತ್ತಿದರೂ ದೇವರ ಕೋಣೆಗೆ ಮಾತ್ರ ಹೋಗದ ಮೊಣಕಾಲು. ಒಲೆಯ ಕಟ್ಟಿಗೆ ಹಿಂದೆಳೆದು, ಗಂಡನಿಗೆ ಕೂಗಿ ಹೇಳಿದಳು:

“ಫಟಫಟಿ ತಗೀರಿ.”