ಕಾಟೊನ ಅರ್ಧ

"ಕಾಟೊ ಸತ್ತುಹೋಗಿದೆ," ಎಂದಳು ನ್ಯಾಕಿಯೊ, ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳದೆ. "ಮೂರು ಸಲ ಕರೆದು ನೋಡ್ದೆ, ಉತ್ತರಾನೇ ಇಲ್ಲ. ಅಳಿಸಿಬಿಡ್ಲಾ?"

ಮೂಲೆಯಲ್ಲಿ ಕೂತು ವಾರ್ಡುಗಳ ದೂರು ಬರೆದುಕೊಳ್ಳುತ್ತಿದ್ದ ಗುಮಾಸ್ತೆ ನಬುಕೀರಾ ಕುರ್ಚಿ ತಳ್ಳಿ ಎದ್ದೇಬಿಟ್ಟಳು.

"ಬಿಡ್ತು ಅನ್ನು! ಮೊದಲು ಬಿಡ್ತು ಅನ್ನು, ಹುಡುಗಿ!"

"ಯಾಕಮ್ಮ? ಅದು ಸಬ್‌ನೆಟ್ ಹೆಸರಲ್ವಾ?"

"ಏನಾದ್ರೂ ಆಗ್ಲಿ. ಅವಳಿ ಮಗುವಿನ ಹೆಸರು ಅದು. ನಮ್ಮಲ್ಲಿ ಅವಳಿಗಳಿಗೆ ಆ ಮಾತು ಆಡಲ್ಲ. ಹಾರಿಹೋದ್ರು ಅಂತೀವಿ."

ಕಿಟಕಿಯ ಬಳಿಯಿದ್ದ, ಆಸ್ಪತ್ರೆಯ ಕಂಪ್ಯೂಟರು ನೋಡಿಕೊಳ್ಳುವ ಸಾಲೊಂಗೊ ಕುಡಿಯುತ್ತಿದ್ದ ಚಹಾ ಅಷ್ಟಕ್ಕೇ ಬಿಟ್ಟು ಹೊರಗೆ ನಡೆದ.

ಪಾಪ, ನ್ಯಾಕಿಯೊಳದೂ ತಪ್ಪಿಲ್ಲ. ನೈರೋಬಿಯಿಂದ ಗಡಿ ದಾಟಿ ಮಸಾಕಕ್ಕೆ ಬಂದು ಒಂಬತ್ತು ದಿನವಾಗಿತ್ತು. ಆಸ್ಪತ್ರೆಯ ಕಂಪ್ಯೂಟರುಗಳ ವಿಳಾಸಗಳೆಲ್ಲ ಸಾಲೊಂಗೊನ ಹಳೇ ನೋಟ್‌ಬುಕ್ಕಿನಲ್ಲಿದ್ದವು. ಅವನ್ನು ಹೊಸ ವ್ಯವಸ್ಥೆಗೆ ಏರಿಸುವುದು ಅವಳ ಗುತ್ತಿಗೆ. ಆ ವ್ಯವಸ್ಥೆಯೋ, ಮಹಾ ಹಟಮಾರಿ. ಯಾವ ಸಬ್‌ನೆಟ್, ಅಂದರೆ ವಿಳಾಸಗಳ ಯಾವ ಗುಂಪು, ಯಾರದು, ಬಳಕೆಯಲ್ಲಿದೆಯೋ ಇಲ್ಲವೋ ಎಂದು ಹೇಳದೆ ಮುಂದಕ್ಕೇ ಬಿಡದು. ನೋಟ್‌ಬುಕ್ಕಿನಲ್ಲಿ ಕಾಟೊ ಎದುರು ಪ್ರತಿ ತಿಂಗಳೂ 'ಬಳಕೆಯಲ್ಲಿದೆ' ಎಂದು ಬರೆದಿತ್ತು. ನೋಡಿದರೆ ಅಲ್ಲಿ ಒಂದು ಯಂತ್ರವೂ ಇರಲಿಲ್ಲ.

ಏಳು ವರ್ಷದ ಹಿಂದೆ ಮಕ್ಕಳ ವಾರ್ಡಿನ ಇನ್ನೂರೈವತ್ತಾರು ವಿಳಾಸಗಳನ್ನು ಸಾಲೊಂಗೊ ಸರಿಯಾಗಿ ಎರಡು ಭಾಗ ಮಾಡುತ್ತಿದ್ದಾಗಲೇ ಹೆಂಡತಿ ಹೆತ್ತ ಸುದ್ದಿ ಬಂದಿತ್ತು. ಎರಡು ಗಂಡು. ಅಲ್ಲಿಯವರೆಗೆ ಲುಟಾಯ ಆಗಿದ್ದವನು ಅಂದಿನಿಂದ ಸಾಲೊಂಗೊ, ಅವಳಿಗಳ ಅಪ್ಪ. ಆಮೇಲೆ ಊರಲ್ಲಿ ಯಾರು ತಾನೇ ಹಳೇ ಹೆಸರು ಹಿಡಿದು ಕರೆದಾರು? ಖುಷಿಯಲ್ಲಿ ಮೊದಲರ್ಧಕ್ಕೆ ವಾಸ್ವ, ಎರಡನೆಯದಕ್ಕೆ ಕಾಟೊ ಎಂದು ಮಕ್ಕಳ ಹೆಸರನ್ನೇ ಇಟ್ಟುಬಿಟ್ಟ. ವಾರ್ಡಿನ ನರ್ಸುಗಳಿಗೂ ಅದೇ ತಮಾಷೆ. "ಸಾಲೊಂಗೊ, ನಿನ್ನ ಕಾಟೊ ಮತ್ತೆ ಮಲಗಿಬಿಟ್ಟ, ಬಂದು ಎಬ್ಬಿಸು ಮಾರಾಯ!" ಎಂದು ಯಂತ್ರ ಕೈಕೊಟ್ಟಾಗಲೆಲ್ಲ ಫೋನು ಮಾಡುತ್ತಿದ್ದರು.

ಹೋದ ವರ್ಷ ಮಲೇರಿಯಾ ಬಂದು ನಿಜವಾದ ಕಾಟೊ ಅದೇ ವಾರ್ಡಿನಲ್ಲಿ ನಾಲ್ಕು ದಿನ ಮಲಗಿದ. ಮಣ್ಣು ಮಾಡಿದ ವಾರ ಸಾಲೊಂಗೊ ಒಬ್ಬನೇ ಬಂದು, ಆ ಅರ್ಧದಲ್ಲಿದ್ದ ನಲವತ್ತೆರಡು ಯಂತ್ರಗಳನ್ನೂ ಒಂದೊಂದಾಗಿ ವಾಸ್ವನ ಅರ್ಧಕ್ಕೆ ದಾಟಿಸಿದ. ಹೆಸರು ಅಳಿಸಲು ಮಾತ್ರ ಕೈ ಬರಲಿಲ್ಲ.

ಈಗ ಸೋಮವಾರ ನವಜಾತ ಶಿಶುಗಳ ಹೊಸ ವಾರ್ಡು ತೆರೆಯುವುದಿತ್ತು. ಅಲ್ಲಿಯ ಯಂತ್ರಗಳಿಗೆ ಒತ್ತಟ್ಟಿಗೆ ಅರವತ್ತು ವಿಳಾಸ ಬೇಕು. ಇಡೀ ಆಸ್ಪತ್ರೆಯಲ್ಲಿ ಅಷ್ಟು ಖಾಲಿ ಇದ್ದದ್ದು ಅದೊಂದೇ ಕಡೆ.

ಸಾಲೊಂಗೊ ಮುಖ ತೊಳೆದುಕೊಂಡು ಒಳಗೆ ಬಂದ. ನಬುಕೀರಾಳಿಂದ ಎಲ್ಲ ಕೇಳಿ ತಿಳಿದಿದ್ದ ನ್ಯಾಕಿಯೊ ಎದ್ದು ನಿಂತಳು.

"ನಂಗೆ ಗೊತ್ತಿರ್ಲಿಲ್ಲ ಸಾಲೊಂಗೊ. ಕ್ಷಮಿಸಿ. ಅದನ್ನ ಮುಟ್ಟಲ್ಲ, ಬೇರೆ ಕಡೆ ಹುಡುಕ್ತೀನಿ."

"ಬೇರೆ ಕಡೆ ಎಲ್ಲಿದೆ? ಹಂಚಿದೋನು ನಾನೇ ಅಲ್ವಾ? ಸೋಮವಾರ ಕೂಸುಗಳು ಬರ್ತವೆ. ಕೊಡು ಅವಕ್ಕೆ."

"ಹಾಗಾದ್ರೆ ಹೆಸರಾದ್ರೂ ಇರ್ಲಿ. ವಾರ್ಡಿಗೆ ಕಾಟೊ ಅಂತಲೇ..."

"ಬೇಡ."

ಅವನು ಕುರ್ಚಿ ಎಳೆದು ಅವಳ ಪಕ್ಕ ಕೂತ.

"ನಾಲ್ಕನೇ ದಿನ ಜ್ವರ ಇಳೀತು ಅಂದ್ರು. ಒಂದು ಗಂಟೆ ಕೆಲಸ ನೋಡ್ಕೊಂಡು ಬರೋಣ ಅಂತ ಇಲ್ಲಿಗೆ ಬಂದೆ. ನಿದ್ದೆ ಇರ್ಲಿಲ್ಲ ನೋಡು, ತಲೆ ಮಂಕಾಗಿತ್ತು. ವಾರ್ಡಿಂದ ಫೋನ್ ಬಂತು. 'ಸಾಲೊಂಗೊ, ಕಾಟೊ ಏಳ್ತಿಲ್ಲ' ಅಂದ್ಲು ನರ್ಸು." ಮೇಜಿನ ಮೇಲಿದ್ದ ಹಳೇ ನೋಟ್‌ಬುಕ್ಕು ಮುಚ್ಚಿ ಹೇಳಿದ: "'ಒಂದ್ಸಲ ಆಫ್ ಮಾಡಿ ಆನ್ ಮಾಡು' ಅಂದೆ ನಾನು. ಅಂದು ಫೋನ್ ಇಟ್ಟುಬಿಟ್ಟೆ ತಾಯಿ."

ನಬುಕೀರಾ ಅಂಗಿಯ ತೋಳಿಗೇ ಕಣ್ಣು ಒರೆಸಿಕೊಂಡಳು. ಆರು ವರ್ಷ ಅದೇ ಮಾತಿಗೆ ಅದೇ ಉತ್ತರ ಕೊಟ್ಟ ಬಾಯಿ, ಅದನ್ನು ಬೈಯುವುದಾದರೂ ಹೇಗೆ?

ಅವನೇ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡ. ಅಳಿಸುವ ಕೀಲಿ ನಾಲ್ಕು ಸಲ ಒತ್ತಿದರೆ ಹೆಸರು ಮುಗಿಯಿತು. 'ನವಜಾತ ವಾರ್ಡು' ಎಂದು ತುಂಬಿದ. ಖಚಿತವೇ ಎಂದು ವ್ಯವಸ್ಥೆ ಕೇಳಿತು. ಹೌದು ಎಂದು ಒತ್ತಿದ. ಮೇಲಿನ ಸಾಲಿನಲ್ಲಿ ವಾಸ್ವ ಒಬ್ಬನೇ ಉಳಿದ.

"ಬಿಡ್ತು," ಎಂದಳು ನ್ಯಾಕಿಯೊ, ತನಗಷ್ಟೇ ಕೇಳುವಂತೆ.

ಶನಿವಾರವಾದ್ದರಿಂದ ಮಧ್ಯಾಹ್ನಕ್ಕೇ ಮನೆ ಸೇರಿದ. ಅಂಗಳದಲ್ಲಿ ಹೆಂಡತಿ ಮಟೋಕೆ ಬಾಳೆಕಾಯಿ ಸಿಪ್ಪೆ ತೆಗೆಯುತ್ತ ಕೂತಿದ್ದಳು.

"ಚೆಂಡಾಡಿ ಬಂದು ಮಲಗಿದಾನೆ," ಎಂದಳು. "ನಡುವೆ ಮಲಗೋ ಅಂದ್ರೆ ಇವತ್ತೂ ಕೇಳ್ಲಿಲ್ಲ. ನೀವಾದ್ರೂ ಸರಿಸಿ."

ಒಳಗೆ ಮಂಚದ ಮೇಲೆ ವಾಸ್ವ ಗೋಡೆಗೆ ಒತ್ತಿಕೊಂಡು ಮಲಗಿದ್ದ. ಕಾಲಿನ ಕೆಂಪು ಮಣ್ಣು ಅವನ ಕಡೆಯ ಹಾಸಿಗೆಗೆ ಮೆತ್ತಿತ್ತು. ಈಚೆಯ ಅರ್ಧದಲ್ಲಿ ಹಾಸಿದ ಬಟ್ಟೆ ಒಂದು ಸುಕ್ಕೂ ಇಲ್ಲದೆ ಬೆಳಿಗ್ಗೆ ಹಾಸಿದಂತೆಯೇ ಇತ್ತು.

ಸಾಲೊಂಗೊ ಮಗನನ್ನು ಸರಿಸಲಿಲ್ಲ. ಬೂಟು ಬಿಚ್ಚಿಟ್ಟು, ಮಂಚಕ್ಕೆ ತಾಗದಂತೆ ನೆಲದ ಮೇಲೆ ಕೂತ.